ಮೂರು ಬೇಸಗೆಗಳ ಪರೀಕ್ಷೆ

ಗೋಳಗುಮ್ಮಟವನ್ನು ನೋಡಲು ಹೋದವರು ಪಿಸುಮಾತಿನ ಮೊಗಸಾಲೆಯನ್ನು ಏರಿ, ಒಮ್ಮೆ ಕೂಗಿ, ತಮ್ಮ ಕೂಗೇ ಮತ್ತೆ ಮತ್ತೆ ಮರಳಿ ಬರುವುದನ್ನು ಕೇಳಿ ಬೆರಗಾಗುತ್ತಾರೆ. ಆದರೆ ಆ ಎತ್ತರದಲ್ಲಿ ಹೊರಗೆ ಬಂದು ನಿಂತು, ಸುತ್ತಲಿನ ನೆಲವನ್ನು ಗಮನವಿಟ್ಟು ನೋಡುವವರು ಕಡಮೆ. ನಗರದೊಳಗೆ ಅಲ್ಲಲ್ಲಿ ಬೇವು ಹುಣಸೆಗಳ ಹಸುರು ಕಾಣುತ್ತದೆ. ಅದರಾಚೆ, ತಿಕೋಟಾ ಬಬಲೇಶ್ವರಗಳ ದಿಕ್ಕಿನಲ್ಲಾಗಲಿ ಇನ್ನಾವ ದಿಕ್ಕಿನಲ್ಲಾಗಲಿ, ದಿಗಂತದವರೆಗೆ ಬಯಲೇ ಬಯಲು. ಹಿಂಗಾರಿ ಜೋಳ ನಿಂತಾಗ ಅದು ಹಸುರು ಕಡಲು. ಏಪ್ರಿಲ್ ತಿಂಗಳಿನಲ್ಲಿ ಅದೇ ನೆಲ ಬಿರುಕು ಬಿಟ್ಟ ಕರಿಯ ಹಾಸು.

ವಿಜಯಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರ್. 2016ರಲ್ಲಿ ಇಲ್ಲಿ ‘ಕೋಟಿ ವೃಕ್ಷ ಅಭಿಯಾನ’ ಆರಂಭವಾದಾಗ, ಜಿಲ್ಲೆಯಲ್ಲಿ ಕಾಡು ಇರುವ ಪ್ರಮಾಣ ನೂರಕ್ಕೆ 0.17 ಎಂಬ ಅಂಕಿಯನ್ನು ಎಲ್ಲರೂ ಹೇಳುತ್ತಿದ್ದರು. ಲೆಕ್ಕ ಹಾಕಿದರೆ ಅದು 18 ಚದರ ಕಿಲೋಮೀಟರ್ ಆಗುತ್ತದೆ. ಎಂದರೆ ಬದಿಯೊಂದು ನಾಲ್ಕೂಕಾಲು ಕಿಲೋಮೀಟರ್ ಇರುವ ಒಂದೇ ಒಂದು ಚೌಕ. ಇಡೀ ಜಿಲ್ಲೆಯ ಕಾಡನ್ನು ಒಟ್ಟುಗೂಡಿಸಿದರೆ ಒಬ್ಬ ವಿದ್ಯಾರ್ಥಿ ಒಂದು ಮುಂಜಾನೆಯಲ್ಲಿ ಅದರ ಸುತ್ತ ನಡೆದು ಬರಬಹುದು!

ಆಗ ರಾಜ್ಯದ ಜಲಸಂಪನ್ಮೂಲ ಸಚಿವರಾಗಿದ್ದ ಎಂ. ಬಿ. ಪಾಟೀಲರ ಮುಂದಾಳುತನದಲ್ಲಿ ಈ ಕೆಲಸ ಮೊದಲಾಯಿತು. ಅರಣ್ಯ ಇಲಾಖೆಯೊಡನೆ ಶಾಲೆ ಕಾಲೇಜುಗಳೂ ರೈತರೂ ನಗರದ ನಾಗರಿಕರೂ ಕೈಗೂಡಿಸಿದರು. ಜನರ ಉತ್ಸಾಹವನ್ನು ಕಾಪಾಡಲು ‘ವೃಕ್ಷಥಾನ್’ ಎಂಬ ಓಟವನ್ನೂ ನಡೆಸುತ್ತ ಬಂದಿದ್ದಾರೆ. ಗುರಿಯಂತೂ ಹೆಸರಿನಲ್ಲಿಯೇ ಇದೆ: ಒಂದು ಕೋಟಿ ಸಸಿ.

ಒಂದು ಕೋಟಿ ಮರಗಳಿಂದ ಭೂಮಿಯ ತಾಪ ತಗ್ಗುವುದೆ? ಈ ಪ್ರಶ್ನೆಯನ್ನು ಭಾವುಕರಾಗಿ ಕೇಳದೆ ಲೆಕ್ಕದ ಹಲಗೆಯ ಮೇಲೆ ಬಿಡಿಸಿ ನೋಡೋಣ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ 1958ರಲ್ಲಿ ಹತ್ತು ಲಕ್ಷ ಭಾಗಕ್ಕೆ 315 ಭಾಗ ಇದ್ದುದು ಈಗ 420ನ್ನು ಮೀರಿದೆ. ಭೂಮಿ ಹೊರಸೂಸುವ ಉಷ್ಣವನ್ನು ಹಿಡಿದಿಡುವ ಅನಿಲಗಳಲ್ಲಿ ಇದು ಮುಖ್ಯವಾದುದು. ಮರ ತನ್ನ ಮೈಯನ್ನು ಕಟ್ಟುವುದು ಇದೇ ಅನಿಲದಿಂದ. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕಿಲೋಗ್ರಾಂ ಹೀರಿಕೊಳ್ಳುತ್ತದೆಂದು ಸ್ಥೂಲವಾಗಿ ಹಿಡಿಯುವುದುಂಟು. ಕೋಟಿ ಮರಗಳಿಂದ 20 ಕೋಟಿ ಕಿಲೋಗ್ರಾಂ, ಎಂದರೆ ಎರಡು ಲಕ್ಷ ಟನ್. ದೊಡ್ಡ ಮೊತ್ತವೇ ಸರಿ. ಆದರೆ ಇದೇ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲನ್ನು ಉರಿಸುವ 2,400 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದೆಯಷ್ಟೆ. ಅದು ಪೂರ್ಣ ಸಾಮರ್ಥ್ಯದಿಂದ ಓಡಿದ ದಿನ 5 ಕೋಟಿ 76 ಲಕ್ಷ ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಯೂನಿಟ್ಟಿಗೆ 900 ಗ್ರಾಂ ಅನಿಲವೆಂದು ಹಿಡಿದರೆ, ದಿನಕ್ಕೆ 52,000 ಟನ್. ಕೋಟಿ ಮರಗಳು ವರ್ಷವಿಡೀ ದುಡಿದು ಹೀರಿದುದನ್ನು ಆ ಕೊಳವೆಗಳು ನಾಲ್ಕೇ ದಿನಗಳಲ್ಲಿ ಹೊರಚೆಲ್ಲಬಲ್ಲವು! ಇಡೀ ಜಗತ್ತು ವರ್ಷಕ್ಕೆ ಉರಿಸುವ ಇಂಧನದ ಲೆಕ್ಕ ಸುಮಾರು 3,700 ಕೋಟಿ ಟನ್ ಅನಿಲ. ಅದರ ಮುಂದೆ ನಮ್ಮ ಎರಡು ಲಕ್ಷ ಟನ್ ಎಲ್ಲಿ ನಿಂತೀತು?

ಆದುದರಿಂದ ಸಸಿ ನೆಟ್ಟು ಜಗತ್ತಿನ ಗಾಳಿಯನ್ನು ಶುದ್ಧಿಮಾಡಿದೆವೆಂದು ಹೇಳುವುದು ಸರಿಯಲ್ಲ. ಕಲ್ಲಿದ್ದಲಿನ ಕೆಲಸವನ್ನು ಕಲ್ಲಿದ್ದಲಿನ ಕಡೆಯಿಂದಲೇ ತಿದ್ದಬೇಕು. ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೆ? ಖಂಡಿತ ಅಲ್ಲ. ಮರದ ನಿಜವಾದ ಲಾಭ ಅದು ನಿಂತ ಜಾಗದಲ್ಲಿಯೇ ಇದೆ.

ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 2,400 ಕಿಲೋಜೂಲ್ ಉಷ್ಣ ಬೇಕು. ಬೇರಿಗೆ ತೇವ ಸಿಕ್ಕುವ ದಿನಗಳಲ್ಲಿ ದೊಡ್ಡ ಮರವೊಂದು ನೂರು ಲೀಟರ್ ನೀರನ್ನು ಎಲೆಗಳ ಮೂಲಕ ಆವಿಯಾಗಿಸಬಲ್ಲದು. ಅದಕ್ಕೆ ಬೇಕಾದ 2,40,000 ಕಿಲೋಜೂಲ್ ಉಷ್ಣ ಸುತ್ತಲಿನ ಗಾಳಿಯಿಂದಲೂ ಬಿಸಿಲಿನಿಂದಲೂ ಬರಬೇಕು. ಒಂದೂವರೆ ಟನ್ ಅಳತೆಯ ಹವಾನಿಯಂತ್ರಣ ಯಂತ್ರ ಹನ್ನೆರಡು ಗಂಟೆಗೂ ಮೇಲೆ ಓಡಿ ಹೊರಹಾಕುವ ಉಷ್ಣ ಇಷ್ಟೇ. ಮರಕ್ಕೆ ವಿದ್ಯುತ್ ಬೇಡ. ಅದು ಪಕ್ಕದ ಮನೆಯವರ ಕಿಟಕಿಗೆ ಬಿಸಿಗಾಳಿಯನ್ನು ಊದುವುದೂ ಇಲ್ಲ. ನೆಲದಲ್ಲಿ ತೇವ ತೀರಿದಾಗ ಎಲೆಯ ಸೂಕ್ಷ್ಮ ಬಾಯಿಗಳು ಮುಚ್ಚಿಕೊಂಡು ಈ ತಂಪು ತಗ್ಗುವುದು ನಿಜ. ಆದರೂ ನೆರಳು ಉಳಿದೇ ಇರುತ್ತದೆ. ಮೇ ತಿಂಗಳಿನಲ್ಲಿ ಉಷ್ಣತೆ 40 ಡಿಗ್ರಿಯ ಸುತ್ತ ಸುಳಿದಾಡುವ ಈ ಊರಿನಲ್ಲಿ, ಬಸ್ಸಿಗಾಗಿ ಕಾಯುವವನಿಗೂ ತಲೆಯ ಮೇಲೆ ಬುಟ್ಟಿ ಹೊತ್ತು ಕಾಯಿಪಲ್ಲೆ ಮಾರುವವಳಿಗೂ ಆ ನೆರಳಿನ ಬೆಲೆ ಗೊತ್ತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸಸಿ ನೆಡುವುದು ಅರ್ಧ ಗಂಟೆಯ ಕೆಲಸ. ಅದು ಮರವಾಗಬೇಕಾದರೆ ಮೂರು ಬೇಸಗೆಗಳನ್ನು ದಾಟಬೇಕು. ಈ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಸೆಪ್ಟೆಂಬರಿನಲ್ಲಿ ಹೆಚ್ಚಾಗಿ, ಸುರಿದು ಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಗಾಳಿ ಎಷ್ಟು ಒಣಗಿರುತ್ತದೆಂಬುದನ್ನು ತಿಕೋಟಾದ ದ್ರಾಕ್ಷಿ ಬೆಳೆಗಾರರನ್ನು ಕೇಳಬೇಕು. ಅವರ ಶೆಡ್ಡುಗಳಲ್ಲಿ ಹರಡಿದ ಹಸಿ ದ್ರಾಕ್ಷಿ ಎರಡು ವಾರಗಳ ಆಸುಪಾಸಿನಲ್ಲಿ ಒಣದ್ರಾಕ್ಷಿಯಾಗಿ ಕೈಗೆ ಬರುತ್ತದೆ. ಆ ವ್ಯಾಪಾರಕ್ಕೆ ವರವಾದ ಅದೇ ಗಾಳಿ ಎಳೆಯ ಸಸಿಗೆ ಮೃತ್ಯು.

ಎರೆಮಣ್ಣಿನ ಸ್ವಭಾವವೂ ವಿಚಿತ್ರವಾದುದು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬೇಸಗೆಯಲ್ಲಿ ಸಾಮಾನ್ಯ. ಈ ಬಿರುಕು ಸಸಿಯ ಬಳಿ ಹಾದುಹೋದರೆ ಅದರ ನವುರಾದ ಬೇರುಗಳು ಹರಿಯುತ್ತವೆ; ಬಿಸಿಗಾಳಿ ಒಳನುಗ್ಗಿ ಆಳದ ತೇವವನ್ನೂ ಹೀರುತ್ತದೆ. ಎರೆಮಣ್ಣು ತುಂಬ ನೀರನ್ನು ಹಿಡಿಯುತ್ತದೆ, ಆದರೆ ಜಿಪುಣನಂತೆ ಬಿಡುವುದೇ ಇಲ್ಲ. ಅತಿ ಸಣ್ಣ ಕಣಗಳಿಗೆ ಅಂಟಿಕೊಂಡ ನೀರನ್ನು ಕಿತ್ತುಕೊಳ್ಳುವ ಬಲ ಬೇರಿಗಿಲ್ಲ. ಆದಕಾರಣ ದಿನವೂ ಒಂದು ತಂಬಿಗೆ ನೀರನ್ನು ಮೇಲೆ ಚಿಮುಕಿಸುವುದರಿಂದ ಪ್ರಯೋಜನ ಕಡಮೆ. ಮೇಲ್ಮಣ್ಣು ತೊಯ್ದು ಸಂಜೆಗೆ ಒಣಗುತ್ತದೆ. ವಾರಕ್ಕೆ ಎರಡೇ ಸಲ, ಆದರೆ ಬೇರಿನ ಆಳದವರೆಗೆ ಇಳಿಯುವಂತೆ ಕೊಡುವುದು ಮೇಲು.

ಬಿರುಕಿಗೆ ಮದ್ದನ್ನು ಈ ಸೀಮೆಯ ರೈತ ಬಲ್ಲ. ಹಿಂಗಾರಿ ಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಕಸ ತೆಗೆಯುವುದಕ್ಕೆ ಮಾತ್ರವಲ್ಲ. ಸಡಿಲವಾದ ಮೇಲ್ಮಣ್ಣು ಬಿರುಕುಗಳನ್ನು ಮುಚ್ಚಿ, ಕೆಳಗಿನ ತೇವಕ್ಕೆ ಹೊದಿಕೆಯಾಗುತ್ತದೆ. ಸಸಿಯ ಬುಡಕ್ಕೂ ಇದೇ ಉಪಾಯ: ತಿಂಗಳಿಗೊಮ್ಮೆ ಮಣ್ಣನ್ನು ಕೆದಕಿ, ಮೇಲೆ ಜೋಳದ ಕಣಿಕೆಯನ್ನೋ ಒಣ ಎಲೆಯನ್ನೋ ನಾಲ್ಕು ಬೆರಳು ದಪ್ಪಕ್ಕೆ ಹಾಸಬೇಕು. ಸುತ್ತಲೂ ಜಾಲಿಮುಳ್ಳಿನ ಬೇಲಿ ಬೇಕೇಬೇಕು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಮಾತು ಸುಮ್ಮನೆ ಹುಟ್ಟಲಿಲ್ಲ.

ಈಗ ನೀರಿನ ಲೆಕ್ಕ. ಒಂದು ಸಲಕ್ಕೆ 10 ಲೀಟರ್, ವಾರಕ್ಕೆ ಎರಡು ಸಲ, ಫೆಬ್ರವರಿಯಿಂದ ಮೇ ಮುಗಿಯುವವರೆಗೆ ಹದಿನೇಳು ವಾರ: 340 ಲೀಟರ್. ಮೂರು ಬೇಸಗೆಗೆ ಸುಮಾರು ಒಂದು ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಒಂದು ಐದೇ ಸಸಿಗಳನ್ನು ಮರವಾಗಿಸಬಲ್ಲದು. ಕೋಟಿ ಸಸಿಗಳಿಗೆ ಇಪ್ಪತ್ತು ಲಕ್ಷ ಟ್ಯಾಂಕರ್! ಅಷ್ಟು ಟ್ಯಾಂಕರುಗಳನ್ನೂ, ವಾರಕ್ಕೆರಡು ಬಾರಿ ಕೋಟಿ ಬುಡಗಳ ಬಳಿಗೆ ಹೋಗುವ ಆಳುಗಳನ್ನೂ ಯಾವ ಇಲಾಖೆಯೂ ಒದಗಿಸಲಾರದು. ಆದರೆ ಅದೇ ಲೆಕ್ಕವನ್ನು ತಲೆಕೆಳಗು ಮಾಡಿ ನೋಡಿ. ಒಂದು ಸಸಿಗೆ ವಾರಕ್ಕೆ ಬೇಕಾದುದು 20 ಲೀಟರ್. ಅಕ್ಕಿ ಬೇಳೆ ಕಾಯಿಪಲ್ಲೆ ತೊಳೆದ ನೀರನ್ನು ಚೆಲ್ಲದೆ ಒಂದು ಕೊಡದಲ್ಲಿ ಕೂಡಿಟ್ಟರೆ, ಸಾಧಾರಣ ಸಂಸಾರವೊಂದು ವಾರದಲ್ಲಿ ಇದಕ್ಕಿಂತ ಹೆಚ್ಚನ್ನೇ ಉಳಿಸಬಲ್ಲದು. ಇಲಾಖೆಗೆ ಬೆಟ್ಟವಾದ ಕೆಲಸ ಮನೆಗೆ ಒಂದು ಕೊಡದ ಕೆಲಸ. ಸಾಮಾನ್ಯ ಜನರು ಏನು ಮಾಡಬಲ್ಲರು ಎಂದು ಕೇಳುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಒಂದು ಎಚ್ಚರಿಕೆ ಅಗತ್ಯ. ಡೋಣಿ ನದಿಯ ದಂಡೆಯ ಸೀಮೆಯಲ್ಲಿ ನೀರು ಸವಳು. ಅದರಲ್ಲಿಯ ಸೋಡಿಯಂ ಲವಣಗಳು ಎರೆಮಣ್ಣಿನ ಕಣಗಳ ಕೂಟವನ್ನು ಒಡೆದು, ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿಮಾಡುತ್ತವೆ. ಸಾಬೂನಿನ ನೀರಿನದೂ ಬಹುಮಟ್ಟಿಗೆ ಇದೇ ಕತೆ. ಆದುದರಿಂದ ಬಟ್ಟೆ ಒಗೆದ ನೀರನ್ನು ಸಸಿಗೆ ಹಾಕದಿರುವುದು ಲೇಸು.

ನೀರನ್ನು ತರುವುದಕ್ಕಿಂತ ತಂದ ವ್ಯವಸ್ಥೆಯನ್ನು ಕಾಪಾಡುವುದೇ ಕಷ್ಟವೆಂಬುದನ್ನು ಈ ನಗರ ನಾಲ್ಕು ಶತಮಾನಗಳಿಂದ ಕಂಡಿದೆ. ಆದಿಲ್‌ಶಾಹಿ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕ ಊರಿಗೆ ನೀರು ಹರಿಯುತ್ತಿತ್ತು. ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳಿದ್ದವು. ಅವು ನೀರಿನ ಒತ್ತಡವನ್ನು ತಗ್ಗಿಸಿ ಕೊಳವೆ ಒಡೆಯದಂತೆ ಕಾಯುತ್ತಿದ್ದವು. ಕೆಸರು ಅವುಗಳ ತಳದಲ್ಲಿ ಕೂಡುತ್ತಿತ್ತು. ಕೂಡಿದ ಕೆಸರನ್ನು ಯಾರಾದರೂ ಇಳಿದು ತೆಗೆಯಲೇಬೇಕು. 1620ರ ತಾಜ್ ಬಾವಡಿಯೂ ಬಹುಕಾಲ ಹೂಳಿನಿಂದ ತುಂಬಿ ಉಪಯೋಗಕ್ಕೆ ಬಾರದಂತಾಗಿತ್ತು. 2017ರ ಸುಮಾರಿಗೆ ನಗರದ ಹಳೆಯ ಬಾವಡಿಗಳ ಹೂಳೆತ್ತಿಸಿದಾಗ ಮತ್ತೆ ತಿಳಿನೀರು ಕಾಣಿಸಿತು. ಕಟ್ಟಿದವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಹೂಳು ತೆಗೆಯುತ್ತಿದ್ದವರ ಹೆಸರು ಎಲ್ಲಿಯೂ ಇಲ್ಲ.

ಯಾವ ಮರ, ಎಲ್ಲಿ ಎಂಬುದನ್ನೂ ವಿಚಾರಿಸಬೇಕು. ಬೇವು, ಹುಣಸೆ, ಹೊಂಗೆ, ಬನ್ನಿ, ಆಲ, ಅರಳಿಗಳು ಈ ನೆಲಕ್ಕೆ ಒಗ್ಗಿದವು. ಬೇವು ಕಡುಬೇಸಗೆಗೆ ಮುನ್ನವೇ, ಯುಗಾದಿಯ ಸುಮಾರಿಗೆ, ಹೊಸ ಎಲೆ ತಳೆದು ನೆರಳು ಬೇಕಾದ ಕಾಲಕ್ಕೆ ನೆರಳು ಕೊಡುತ್ತದೆ. ಎಲ್ಲೆಂದರಲ್ಲಿ ಕಾಡು ಬೆಳೆಸುವ ಹುರುಪೂ ಬೇಡ. ಇಲ್ಲಿಯ ಬಯಲುಗಳಲ್ಲಿ ಹುಲ್ಲುಗಾವಲೂ ಸಹಜವಾದುದೇ. ಚಿಗರಿಗಳಿಗೆ ಬೇಕಾದುದು ಓಡಾಡಲು ತೆರೆದ ನೆಲ, ದಟ್ಟ ತೋಪಲ್ಲ. ರಸ್ತೆಯ ಬದಿ, ಶಾಲೆಯ ಅಂಗಳ, ಕೆರೆಯ ದಂಡೆ, ಹೊಲದ ಬದು ಇವೇ ಸಾಕಷ್ಟಿವೆ. ಬದುವಿನ ಮರದ ನೆರಳಿನಲ್ಲಿ ಜೋಳ ಸೊರಗುತ್ತದೆಂದು ರೈತ ಆಕ್ಷೇಪಿಸಿದರೆ ಅದರಲ್ಲಿ ಸತ್ಯವಿದೆ. ಹಿಂಗಾರಿ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಉತ್ತರದ ಬದುವಿನ ಮೇಲೆ ನೆಟ್ಟರೆ ನಮ್ಮ ಬೆಳೆಗೆ ಬಾಧೆಯಿಲ್ಲ. ನೆರೆಯವನ ಬೆಳೆಗೆ ಬಾಧೆಯಾದೀತು! ಉತ್ತರಕ್ಕೆ ದಾರಿಯೋ ಹಳ್ಳವೋ ಇರುವ ಕಡೆ ನೆಡುವುದು ಜಗಳವಿಲ್ಲದ ಉಪಾಯ.

ವಿದ್ಯಾರ್ಥಿಗಳು ಇದರಲ್ಲಿ ನೀರು ಹೊರುವವರಷ್ಟೇ ಆಗಬೇಕಾಗಿಲ್ಲ, ಲೆಕ್ಕ ಇಡುವವರೂ ಆಗಬಹುದು. ಅದರ ಬೆಲೆಯನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಪ್ರತಿ ಬೇಸಗೆಯಲ್ಲಿ ಹತ್ತರಲ್ಲಿ ಎಂಟು ಸಸಿ ಬದುಕಿದರೆ ಮೂರು ಬೇಸಗೆಗಳ ಅನಂತರ ನೂರರಲ್ಲಿ 51 ಉಳಿಯುತ್ತವೆ. ಹತ್ತರಲ್ಲಿ ಆರು ಮಾತ್ರ ಬದುಕಿದರೆ ಉಳಿಯುವುದು 22ಕ್ಕೂ ಕಡಮೆ. ವರ್ಷದ ಆರೈಕೆಯಲ್ಲಿ ಆದ ಸಣ್ಣ ಕೊರತೆ ಮೂರನೆಯ ವರ್ಷಕ್ಕೆ ಅರ್ಧಕ್ಕೂ ಹೆಚ್ಚಿನ ನಷ್ಟವಾಗಿ ನಿಲ್ಲುತ್ತದೆ. ನೆಟ್ಟ ಸಸಿಗಳ ಸಂಖ್ಯೆ ಪತ್ರಿಕೆಗಳಲ್ಲಿ ಬರುತ್ತದೆ; ಉಳಿದವುಗಳ ಸಂಖ್ಯೆ ಬೇಕಾದರೆ ಯಾರಾದರೂ ಹೋಗಿ ಎಣಿಸಬೇಕು.

ಶಾಲೆಯ ಸುತ್ತಲಿನ ಐವತ್ತು ಸಸಿಗಳಿಗೆ ಒಂದರಿಂದ ಐವತ್ತರವರೆಗೆ ಸಂಖ್ಯೆ ಕೊಡಿ. ಒಂದು ದಪ್ಪ ನೋಟುಪುಸ್ತಕದಲ್ಲಿ ಪ್ರತಿ ಸಸಿಗೂ ಒಂದು ಪುಟ: ಜಾತಿ, ನೆಟ್ಟ ತಿಂಗಳು, ಎತ್ತರ, ನೆಲದಿಂದ ಒಂದು ಗೇಣು ಮೇಲೆ ಕಾಂಡದ ಸುತ್ತಳತೆ, ನೀರು ಹಾಕುವ ಮನೆ. ಜೂನ್ ಮತ್ತು ಫೆಬ್ರವರಿಗಳಲ್ಲಿ ಅಳೆಯಿರಿ. ಸತ್ತುದನ್ನು ಸತ್ತಿತೆಂದೇ ಬರೆಯಿರಿ. ಆಡು ತಿಂದಿತೆ, ಒಣಗಿತೆ, ಬಿರುಕಿಗೆ ಸಿಕ್ಕಿತೆ ಎಂಬ ಕಾರಣವನ್ನೂ ಬರೆಯಿರಿ. ಹತ್ತನೆಯ ತರಗತಿಯವರು ಊರು ಬಿಟ್ಟು ಹೋಗುವಾಗ ಪುಸ್ತಕವನ್ನು ಎಂಟನೆಯ ತರಗತಿಯವರ ಕೈಗೆ ಒಪ್ಪಿಸಬೇಕು. ಮೂರು ಬೇಸಗೆ ಒಂದೇ ತಂಡದ ಕೈಯಲ್ಲಿ ಮುಗಿಯುವುದಿಲ್ಲ. ಜೊತೆಗೆ ಒಂದು ಉಷ್ಣಮಾಪಕವಿದ್ದರೆ, ಏಪ್ರಿಲ್ ತಿಂಗಳಿನ ಮಧ್ಯಾಹ್ನ ಎರಡು ಗಂಟೆಗೆ ಹಳೆಯ ಬೇವಿನ ನೆರಳಿನಲ್ಲಿಯ ನೆಲದ ಉಷ್ಣತೆಯನ್ನೂ ಹತ್ತು ಹೆಜ್ಜೆಯಾಚೆ ಬಿಸಿಲಿನಲ್ಲಿಯ ನೆಲದ ಉಷ್ಣತೆಯನ್ನೂ ಅಳೆದು ಕೊನೆಯ ಪುಟದಲ್ಲಿ ಅಕ್ಕಪಕ್ಕ ಬರೆದಿಡಿ.