ಹಂಗಾಮಿಲ್ಲದ ದಿನಗಳಲ್ಲಿ ಸಲಕರಣೆಗಳ ರಕ್ಷಣೆ
ಶಿಡ್ಲಘಟ್ಟದ ಚಂದ್ರಿಕೆಯಿಂದ ಗೌರಿಬಿದನೂರಿನ ಜೋಳದ ಯಂತ್ರದವರೆಗೆ

ಸಲಕರಣೆಯೊಂದನ್ನು ಕೊಳ್ಳುವಾಗ ಅದರ ಬೆಲೆ, ಸಾಮರ್ಥ್ಯ, ಖಾತರಿಯ ಅವಧಿ ಇವುಗಳನ್ನೆಲ್ಲ ವಿಚಾರಿಸುವ ವ್ಯಾಪಾರಸ್ಥರು, ಅದು ವರ್ಷದಲ್ಲಿ ಎಷ್ಟು ದಿನ ಕೆಲಸವಿಲ್ಲದೆ ಕೂರುತ್ತದೆ, ಆ ದಿನಗಳಲ್ಲಿ ಅದನ್ನು ಎಲ್ಲಿಡಬೇಕು ಎಂಬುದನ್ನು ವಿಚಾರಿಸುವುದು ವಿರಳ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಇಲ್ಲಿನ ವಹಿವಾಟಿನ ಬಹುಭಾಗ ರೇಷ್ಮೆ, ದ್ರಾಕ್ಷಿ, ಟೊಮೆಟೊ ಮತ್ತು ಮುಸುಕಿನ ಜೋಳವನ್ನು ಅವಲಂಬಿಸಿದೆ. ಇವೆಲ್ಲವೂ ಹಂಗಾಮಿನ ಬೆಳೆಗಳು ಇಲ್ಲವೇ ಸರದಿಯ ಬೆಳೆಗಳು. ಇವುಗಳಿಗೆ ಬೇಕಾದ ಸಲಕರಣೆಗಳು ದುಡಿಯುವುದಕ್ಕಿಂತ ಹೆಚ್ಚು ಕಾಲ ಮೂಲೆಯಲ್ಲಿರುತ್ತವೆ. ಕೆಡುವುದೂ ಬಹುಪಾಲು ಅಲ್ಲಿಯೇ.

ಮೂವತ್ತು ದಿನದ ದುಡಿಮೆ

ಚಂದ್ರಿಕೆಯನ್ನೇ ತೆಗೆದುಕೊಳ್ಳಬಹುದು. ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರಿನ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಹೆಣೆದ ಈ ಸಲಕರಣೆಯಲ್ಲಿ ಹಣ್ಣಾದ ಒಂದು ಸಾವಿರದಷ್ಟು ರೇಷ್ಮೆಹುಳುಗಳು ಗೂಡು ಕಟ್ಟುತ್ತವೆ. ನೂರು ಮೊಟ್ಟೆ ಸಾಕಿದ ರೈತನಿಗೆ ನಲವತ್ತಕ್ಕೂ ಮಿಕ್ಕಿ ಚಂದ್ರಿಕೆಗಳು ಬೇಕಾಗುತ್ತವೆ. ಆದರೆ ಹುಳು ಚಂದ್ರಿಕೆಯ ಮೇಲಿರುವುದು ಒಂದು ಬೆಳೆಗೆ ಐದಾರು ದಿನ ಮಾತ್ರ. ವರ್ಷಕ್ಕೆ ಐದು ಬೆಳೆ ತೆಗೆದರೂ ಚಂದ್ರಿಕೆ ದುಡಿಯುವುದು ಮೂವತ್ತು ದಿನ. ಉಳಿದ ಮುನ್ನೂರ ಮೂವತ್ತೈದು ದಿನ ಅದು ಮನೆಯ ಹಿಂಬದಿಯಲ್ಲಿಯೋ, ಹಿಪ್ಪುನೇರಳೆ ತೋಟದ ಬದುವಿನಲ್ಲಿಯೋ, ದನದ ಕೊಟ್ಟಿಗೆಯ ಅಟ್ಟದ ಮೇಲೆಯೋ ಇರುತ್ತದೆ.

ಏಷ್ಯಾದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ಬರುವ ಗೂಡಿನ ಗುಣಮಟ್ಟ ಹುಳು ಸಾಕಣೆಯ ಮನೆಯಲ್ಲಿ ಎಷ್ಟು ನಿರ್ಧಾರವಾಗುತ್ತದೆಯೋ, ಈ ಹಿಂಬದಿಯ ಅಟ್ಟದಲ್ಲಿಯೂ ಅಷ್ಟೇ ನಿರ್ಧಾರವಾಗುತ್ತದೆ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಇವುಗಳ ಸೋಂಕು ಸತ್ತ ಹುಳುವಿನ ರಸ, ಹಿಕ್ಕೆ ಮತ್ತು ಧೂಳಿನ ಮೂಲಕ ಸಲಕರಣೆಗೆ ಅಂಟಿಕೊಂಡು ಮುಂದಿನ ಬೆಳೆಗೆ ದಾಟುತ್ತದೆ. ಇದು ಹೊಸ ಶೋಧನೆಯಲ್ಲ. ಇಟಲಿಯ ಅಗೋಸ್ಟಿನೋ ಬಾಸ್ಸಿ 1835ರಲ್ಲಿಯೇ ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರ ಕಾರಣವೆಂದು ತೋರಿಸಿ, ಸಾಕಣೆಯ ಸಲಕರಣೆಗಳನ್ನು ಸೋಂಕುಮುಕ್ತಗೊಳಿಸಬೇಕೆಂದು ಸಲಹೆ ನೀಡಿದ್ದನು. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂಬ ಸಂಗತಿ ಜಗತ್ತಿಗೆ ಮೊದಲು ಖಚಿತವಾದದ್ದು ರೇಷ್ಮೆಹುಳುವಿನಿಂದಲೇ ಎಂಬುದು ಈ ಭಾಗದ ಜನ ಹೆಮ್ಮೆಪಡಬಹುದಾದ ವಿಷಯ.

ಗೂಡು ಬಿಡಿಸಿದ ದಿನವೇ ಚಂದ್ರಿಕೆಯ ಕೆಲಸ ಆರಂಭವಾಗತಕ್ಕದ್ದು. ಅಂಟಿಕೊಂಡ ರೇಷ್ಮೆಯ ಎಳೆ ಹಾಗೂ ಸತ್ತ ಹುಳುಗಳನ್ನು ಬಿದಿರಿನ ಚಂದ್ರಿಕೆಯಲ್ಲಾದರೆ ಬೆಂಕಿಯ ಜ್ವಾಲೆಯನ್ನು ಲಘುವಾಗಿ ಹಾಯಿಸಿ ಸುಡಲಾಗುತ್ತದೆ. ಅನಂತರ ತೊಳೆದು, ನೂರು ಲೀಟರ್ ನೀರಿಗೆ ಎರಡು ಕಿಲೋ ಬ್ಲೀಚಿಂಗ್ ಪುಡಿ ಹಾಗೂ ಮುನ್ನೂರು ಗ್ರಾಂ ಅರಳಿದ ಸುಣ್ಣ ಬೆರೆಸಿದ ದ್ರಾವಣದಿಂದ ಚೆನ್ನಾಗಿ ತೋಯಿಸಿ, ಬಿಸಿಲಿನಲ್ಲಿ ಒಣಗಿಸಬೇಕು. ಬ್ಲೀಚಿಂಗ್ ಪುಡಿಯಲ್ಲಿ ಶೇ. 30ರಷ್ಟು ಕ್ಲೋರಿನ್ ಇರಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ತೇವ ಹೀರಿ ಸತ್ವ ಕಳೆದುಕೊಂಡಿರುತ್ತದೆ. ಚಿಲ್ಲರೆ ವ್ಯಾಪಾರಿಗಳು ಗಮನಿಸಬೇಕಾದ ಅಂಶವಿದು: ಮಾರಾಟವಾಗದೆ ಉಳಿದ ಅರ್ಧ ಚೀಲವನ್ನು ಮುಂದಿನ ತಿಂಗಳು ಮಾರಿದರೆ ಗ್ರಾಹಕನಿಗೆ ಕೊಟ್ಟದ್ದು ಬರೀ ಸುಣ್ಣ. ಇದೇ ದ್ರಾವಣ ಕಬ್ಬಿಣವನ್ನು ತಿನ್ನುವುದರಿಂದ ಸಾಕಣೆ ಸ್ಟ್ಯಾಂಡುಗಳನ್ನು ಬಳಿಕ ನೀರಿನಿಂದ ತೊಳೆದು ಒರೆಸಿ, ಬಣ್ಣ ಹೋದೆಡೆ ಮತ್ತೆ ಬಳಿಯಬೇಕು.

ಈಚಿನ ವರ್ಷಗಳಲ್ಲಿ ಹೆಚ್ಚು ಬಳಕೆಗೆ ಬಂದಿರುವ ಮಡಿಸುವ ಪ್ಲಾಸ್ಟಿಕ್ ಚಂದ್ರಿಕೆಗಳಿಗೆ ಬೆಂಕಿ ತೋರಿಸುವಂತಿಲ್ಲ. ದ್ರಾವಣದಲ್ಲಿ ಅದ್ದಿ ತೆಗೆದು ನೆರಳಿನಲ್ಲಿಡಬೇಕು. ಬಿದಿರಿಗೆ ಬಿಸಿಲು ಹಿತ, ಪ್ಲಾಸ್ಟಿಕ್ಕಿಗೆ ಬಿಸಿಲು ಶತ್ರು. ಇವೆರಡನ್ನೂ ಒಂದೇ ರೀತಿ ನೋಡಿಕೊಂಡು ಪ್ಲಾಸ್ಟಿಕ್ ಬಾಳಿಕೆ ಬರುವುದಿಲ್ಲವೆಂದು ದೂರುವವರು ಬಹಳ.

ಗೆದ್ದಲಿಗೆ ಔಷಧ, ಹುಳುವಿಗೆ ವಿಷ

ಒಣಗಿದ ಚಂದ್ರಿಕೆಯನ್ನು ಎಲ್ಲಿಡಬೇಕು ಎಂಬಲ್ಲಿಗೆ ಬಂದರೆ ಈ ಜಿಲ್ಲೆಗೇ ವಿಶಿಷ್ಟವಾದ ತೊಡಕೊಂದು ಎದುರಾಗುತ್ತದೆ. ಬಿದಿರಿಗೆ ಗೆದ್ದಲು ಮತ್ತು ಬಿದಿರು ಕೊರೆಯುವ ಹುಳುಗಳ ಕಾಟವಿದೆ. ಬೇರೆ ಯಾವ ಬಿದಿರಿನ ಸಾಮಾನಾದರೂ ಕೀಟನಾಶಕ ಸಿಂಪಡಿಸಿ ನಿಶ್ಚಿಂತರಾಗಬಹುದಿತ್ತು. ಚಂದ್ರಿಕೆಗೆ ಅದು ಸಲ್ಲದು. ಗೆದ್ದಲನ್ನು ಕೊಲ್ಲುವ ಔಷಧ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಅಷ್ಟೇ ಅಲ್ಲ, ದ್ರಾಕ್ಷಿ ಅಥವಾ ಟೊಮೆಟೊ ತೋಟಕ್ಕೆ ಬಳಸಿದ ಸಿಂಪಡಣಾ ಯಂತ್ರ, ಅರ್ಧ ಉಳಿದ ಕೀಟನಾಶಕದ ಬಾಟಲಿ, ಔಷಧ ಸೋರಿದ ಗೋಣಿಚೀಲ ಇವುಗಳೊಡನೆ ಒಂದೇ ಕೊಠಡಿಯಲ್ಲಿದ್ದ ಚಂದ್ರಿಕೆಯೂ ಅಪಾಯಕಾರಿಯೇ. ನಾಲ್ಕು ವಾರ ಸೊಪ್ಪು ಹಾಕಿ ಸಾಕಿದ ಹುಳು ಗೂಡು ಕಟ್ಟುವ ಹೊತ್ತಿಗೆ ತಲೆಯೆತ್ತಿ ನುಲಿದು ಬಿದ್ದರೆ, ನೂರು ಮೊಟ್ಟೆಗೆ ಬರಬೇಕಾಗಿದ್ದ ಅರವತ್ತು–ಎಂಬತ್ತು ಕಿಲೋ ಗೂಡು ಕೈತಪ್ಪಿದಂತೆ. ರೇಷ್ಮೆಯೊಂದನ್ನೇ ನೆಚ್ಚಿದ ಮನೆಗಳಲ್ಲಿ ಈ ಭಯ ಕಡಿಮೆ. ಒಂದೇ ಕುಟುಂಬ ಹಿಪ್ಪುನೇರಳೆಯನ್ನೂ ತರಕಾರಿಯನ್ನೂ ದ್ರಾಕ್ಷಿಯನ್ನೂ ಬೆಳೆಯುವ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಚಿಂತಾಮಣಿ ತಾಲ್ಲೂಕುಗಳಲ್ಲಿ ಉಗ್ರಾಣ ಮಾತ್ರ ಒಂದೇ ಇರುತ್ತದೆ.

ಪರಿಹಾರ ದುಬಾರಿಯದೇನಲ್ಲ. ನೆಲದಿಂದ ಒಂದು ಅಡಿ ಎತ್ತರದಲ್ಲಿ ಕಲ್ಲು ಅಥವಾ ಕಬ್ಬಿಣದ ಕಾಲುಗಳ ಮೇಲೆ ಅಟ್ಟಣಿಗೆ, ಗೋಡೆಗೆ ತಾಗದ ಹಾಗೆ ಗೇಣು ಅಂತರ, ಚಂದ್ರಿಕೆಗಳ ನಡುವೆ ಗಾಳಿಯಾಡುವಂತೆ ನಿಲುವು ಜೋಡಣೆ, ತಿಂಗಳಿಗೊಮ್ಮೆ ಬಿಸಿಲು. ಔಷಧದ ಸಾಮಾನಿಗೆ ಪ್ರತ್ಯೇಕ ಗೂಡಂಗಡಿಯಷ್ಟು ಜಾಗವಾದರೂ ಸಾಕು, ಬಾಗಿಲು ಮಾತ್ರ ಬೇರೆಯಾಗಿರಬೇಕು. ಜಿಲ್ಲೆಯ ಮಳೆಯ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೀಳುವುದರಿಂದ ಆ ಮೂರು ತಿಂಗಳು ಬಿದಿರಿಗೆ ಬೂಷ್ಟು ಹಿಡಿಯುವ ಕಾಲ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿಡುವ ರೂಢಿ ಒಳಗಿನ ತೇವವನ್ನು ಹಿಡಿದಿಟ್ಟು ಹಾನಿಯನ್ನೇ ಮಾಡುತ್ತದೆ.

ಬಾಡಿಗೆಯ ವ್ಯವಹಾರ

ಸ್ವಂತ ಚಂದ್ರಿಕೆ ಸಾಲದ ರೈತರು ಬಾಡಿಗೆಗೆ ತರುವ ಪದ್ಧತಿ ರಾಜ್ಯದ ರೇಷ್ಮೆ ಪ್ರದೇಶದಲ್ಲಿ ಹಳೆಯದು. ಒಬ್ಬರ ಮನೆಯಿಂದ ಬಿಡಿಸಿದ ಚಂದ್ರಿಕೆ ಅದೇ ಸಂಜೆ ಟೆಂಪೋ ಏರಿ ಇನ್ನೊಬ್ಬರ ಮನೆ ಸೇರುವುದುಂಟು. ತೊಳೆಯುವ ಹೊಣೆ ಕೊಟ್ಟವರದೋ ಪಡೆದವರದೋ ಎಂಬುದು ಮಾತಿನಲ್ಲಿ ಇತ್ಯರ್ಥವಾಗದೆ ಉಳಿಯುತ್ತದೆ. ರೋಗ ಅಷ್ಟರಲ್ಲಿ ಊರು ದಾಟಿರುತ್ತದೆ.

ದೂರದ ಉದಾಹರಣೆಯೊಂದು ಇಲ್ಲಿ ಉಪಯುಕ್ತ. ಕಾಶ್ಮೀರದ ಗುಲ್ಮಾರ್ಗ್ ಹಾಗೂ ಉತ್ತರಾಖಂಡದ ಔಲಿಯಲ್ಲಿ ಹಿಮದ ಮೇಲೆ ಜಾರುವ ಸ್ಕೀ ಮತ್ತು ಸ್ನೋಬೋರ್ಡ್‌ಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಅವುಗಳ ಹಂಗಾಮು ಮುಖ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಈ ಉದ್ಯಮದಲ್ಲಿ ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಕ್ರಮವೆಂದರೆ, ಹಂಗಾಮು ಮುಗಿದೊಡನೆ ಹಲಗೆಯನ್ನು ತೊಳೆದು ಪೂರ್ಣ ಒಣಗಿಸುವುದು, ಉಕ್ಕಿನ ಅಂಚಿನ ತುಕ್ಕನ್ನು ಉಜ್ಜಿ ತೆಗೆಯುವುದು, ಅಡಿಭಾಗಕ್ಕೂ ಅಂಚಿಗೂ ದಪ್ಪನೆ ಮೇಣ ಬಳಿದು ಅದನ್ನು ಕೆರೆಯದೆ ಮುಂದಿನ ಚಳಿಗಾಲದವರೆಗೆ ಹಾಗೆಯೇ ಬಿಡುವುದು, ಬೂಟಿನ ಒಳಪದರವನ್ನು ಒಣಗಿಸಿ ಪಟ್ಟಿಗಳನ್ನು ಸಡಿಲವಾಗಿ ಹಾಕಿಡುವುದು, ಎಲ್ಲವನ್ನೂ ಬಿಸಿಲು ಬೀಳದ, ತೇವವಿಲ್ಲದ ಕೊಠಡಿಯಲ್ಲಿಡುವುದು. ಕಾಶ್ಮೀರದ ಹಲಗೆಗೂ ಶಿಡ್ಲಘಟ್ಟದ ಬಿದಿರಿಗೂ ಸಾಮ್ಯ ಕಡಿಮೆ. ಆದರೆ ಅಲ್ಲಿ ಶುಚಿಗೊಳಿಸುವ ಕೆಲಸ ಬಾಡಿಗೆ ಕೊಡುವವನ ವ್ಯಾಪಾರದ ಭಾಗ, ಅದರ ಖರ್ಚು ಬಾಡಿಗೆಯಲ್ಲಿಯೇ ಸೇರಿದೆ. ಚಂದ್ರಿಕೆ ಬಾಡಿಗೆಗೆ ಕೊಡುವವರು ತೊಳೆದ ದಿನಾಂಕವನ್ನು ಬರೆದ ಚೀಟಿಯೊಂದನ್ನು ಕಟ್ಟಿ ಕಳುಹಿಸಿ, ಅದಕ್ಕೆ ಕೊಂಚ ಹೆಚ್ಚು ಬಾಡಿಗೆ ಕೇಳಿದರೆ ಕೊಡುವವರು ಇಲ್ಲದಿಲ್ಲ. ತೊಟ್ಟಿ, ಒಣಗಿಸುವ ಅಂಗಳ ಮತ್ತು ಅಟ್ಟಣಿಗೆಯ ಶೆಡ್ಡು ಇಷ್ಟೇ ಬಂಡವಾಳದ ಈ ಸೇವೆಯನ್ನು ಗ್ರಾಮ ಮಟ್ಟದ ಸಣ್ಣ ಉದ್ದಿಮೆಯಾಗಿ ನಡೆಸಲು ಅವಕಾಶವಿದೆ.

ಕ್ರೇಟು, ಪಂಪು, ಯಂತ್ರ

ಚಿಂತಾಮಣಿಯ ಮಾರುಕಟ್ಟೆಯಲ್ಲಿ ಟೊಮೆಟೊ ಸಾಗಿಸುವ ಪ್ಲಾಸ್ಟಿಕ್ ಕ್ರೇಟುಗಳ ಕಥೆ ಸರಳ. ಆವಕ ಇಳಿದಾಗ ಸಾವಿರಾರು ಕ್ರೇಟುಗಳು ಬಯಲಿನಲ್ಲಿ ರಾಶಿ ಬೀಳುತ್ತವೆ. ಮೇಲಿನ ಸಾಲಿನವು ಬಿಸಿಲಿನ ನೇರಳಾತೀತ ಕಿರಣಕ್ಕೆ ಬಿಳಚಿ ಪೆಡಸಾಗಿ, ಬೆಲೆ ಏರಿ ಭರ್ತಿ ಹಮಾಲಿ ನಡೆಯುವ ದಿನವೇ ಮೂಲೆ ಸೀಳುತ್ತವೆ. ಶೆಡ್ಡಿಲ್ಲದಿದ್ದರೆ ನೆರಳುಬಲೆಯಾದರೂ ಹೊದಿಸಬೇಕು. ಕೊಳೆತ ಹಣ್ಣಿನ ರಸ ತೊಳೆಯದೆ ಒಂದರ ಮೇಲೊಂದು ಇಡಬಾರದು.

ಚಿಕ್ಕಬಳ್ಳಾಪುರದ ಬೆಂಗಳೂರು ನೀಲಿ ಮತ್ತು ದಿಲ್‌ಖುಷ್ ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ದ್ರಾವಣದ ಬಳಕೆ ಇಂದಿಗೂ ಇದೆ. 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿ ನಾಡಿನಲ್ಲಿ ರೂಪುಗೊಂಡ ಈ ಮೈಲುತುತ್ತ–ಸುಣ್ಣದ ಮಿಶ್ರಣ ಕಬ್ಬಿಣ ಮತ್ತು ಸತುವಿನ ಲೇಪವನ್ನು ತಿನ್ನುತ್ತದೆ. ಸಿಂಪಡಣೆ ಮುಗಿದ ಸಂಜೆಯೇ ಶುದ್ಧ ನೀರು ಹಾಯಿಸಿ ಪಂಪು, ಕೊಳವೆ, ಮೂತಿಗಳನ್ನು ಬರಿದು ಮಾಡದಿದ್ದರೆ ಸುಣ್ಣ ಗಟ್ಟಿಯಾಗಿ, ವಾಲ್ವು ಅಂಟಿ, ಮುಂದಿನ ಚಾಟ್ನಿಯ ಹೊತ್ತಿಗೆ ದುರಸ್ತಿಯವನ ಅಂಗಡಿಯಲ್ಲಿ ಸರದಿ ಹಿಡಿಯಬೇಕಾಗುತ್ತದೆ. ರಬ್ಬರ್ ವಾಷರುಗಳನ್ನು ಬಿಚ್ಚಿ ಪ್ರತ್ಯೇಕ ಡಬ್ಬಿಯಲ್ಲಿಡುವುದು ಉತ್ತಮ.

ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿನಲ್ಲಿ ಮುಸುಕಿನ ಜೋಳದ ಕಾಳು ಬಿಡಿಸುವ ಯಂತ್ರಗಳಿಗೆ ಕೊಯ್ಲಿನ ಎರಡು ಮೂರು ತಿಂಗಳು ಬಿಡುವಿಲ್ಲ, ಉಳಿದ ಕಾಲ ಕೆಲಸವಿಲ್ಲ. ಗಾಳಿಯ ತೇವಾಂಶ ಶೇ. 60 ದಾಟಿದರೆ ಬರಿಯ ಕಬ್ಬಿಣ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಒಳಗೆ ಉಳಿದ ಹಿಡಿ ಕಾಳು ಮೊದಲು ಇಲಿಯನ್ನು ಕರೆಯುತ್ತದೆ. ಇಲಿ ಬೆಲ್ಟನ್ನೂ ವೈರನ್ನೂ ಬಿಡುವುದಿಲ್ಲ. ಆದ್ದರಿಂದ ಜರಡಿಯನ್ನು ಬಿಚ್ಚಿ ಪೂರ್ಣ ಸ್ವಚ್ಛಗೊಳಿಸಿ, ಬೇರಿಂಗಿಗೆ ಹೊಸ ಗ್ರೀಸು ತುಂಬಿ, ಬೆಲ್ಟನ್ನು ಸಡಿಲಿಸಿ, ಬಣ್ಣವಿಲ್ಲದ ಭಾಗಗಳಿಗೆ ಎಣ್ಣೆ ಸವರಿ, ಚಕ್ರದ ಭಾರವನ್ನು ಕಲ್ಲಿನ ಮೇಲೆ ಇಳಿಸಬೇಕು. ಸ್ವಂತ ಇಂಜಿನ್ ಇದ್ದಲ್ಲಿ ಡೀಸೆಲ್ ಟ್ಯಾಂಕನ್ನು ತುಂಬಿಸಿಡುವುದರಿಂದ ಒಳಗೆ ನೀರಿನ ಹನಿ ಕಟ್ಟುವುದು ತಪ್ಪುತ್ತದೆ. ಬ್ಯಾಟರಿಯನ್ನು ಕಳಚಿ ತಿಂಗಳಿಗೊಮ್ಮೆ ಚಾರ್ಜು ಮಾಡದೆ ಬಿಟ್ಟರೆ ಆರು ತಿಂಗಳ ನಂತರ ಅದು ಹಳೇ ಸೀಸದ ಬೆಲೆಗೆ ಹೋಗುತ್ತದೆ.

ಕಾಗದಪತ್ರದ ಎರಡು ಮಾತು

ಸಾಲದ ಮೇಲೆ ಕೊಂಡ ಯಂತ್ರವನ್ನು ಬ್ಯಾಂಕಿಗೆ ತಿಳಿಸಿದ ಸ್ಥಳದಿಂದ ಬಂಧುವಿನ ಶೆಡ್ಡಿಗೋ ಬಾಡಿಗೆ ಗೋದಾಮಿಗೋ ಸಾಗಿಸಿದರೆ, ಆ ವಿಷಯವನ್ನು ಬ್ಯಾಂಕಿಗೂ ವಿಮಾ ಕಂಪನಿಗೂ ಬರಹದಲ್ಲಿ ತಿಳಿಸುವುದು ಅಗತ್ಯ. ಬೆಂಕಿ ವಿಮೆಯ ಪಾಲಿಸಿ ಸಾಮಾನ್ಯವಾಗಿ ಅದರಲ್ಲಿ ನಮೂದಿಸಿದ ವಿಳಾಸಕ್ಕೆ ಅನ್ವಯಿಸುತ್ತದೆ. ಒಣ ಬಿದಿರು, ಗೋಣಿಚೀಲ, ಪ್ಲಾಸ್ಟಿಕ್ ಒಂದೆಡೆ ಸೇರಿದ ಉಗ್ರಾಣದಲ್ಲಿ ಇದು ಕೇವಲ ನಿಯಮದ ಮಾತಲ್ಲ.

ಆದಾಯ ತೆರಿಗೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಹೊಸ ಯಂತ್ರವನ್ನು ಕೊಂಡ ಹಣಕಾಸು ವರ್ಷದಲ್ಲಿ ಅದರ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಆ ವರ್ಷ ಸವಕಳಿ ಅರ್ಧದಷ್ಟು ಮಾತ್ರ ದೊರೆಯುತ್ತದೆ. ಜೋಳದ ಕೊಯ್ಲು ಬಂದ ಮೇಲೆ, ಅಕ್ಟೋಬರ್ ಮಧ್ಯದಲ್ಲಿ ಯಂತ್ರ ತರುವವರಿಗೆ ಮಾರ್ಚ್ 31ರೊಳಗೆ ಅಷ್ಟು ದಿನಗಳು ಉಳಿದಿರುವುದಿಲ್ಲ. ಸೆಪ್ಟೆಂಬರ್‌ನಲ್ಲಿಯೇ ಕೊಂಡು, ಮೊದಲ ಕಾಳು ಬಿಡಿಸಿದ ದಿನದ ಬಿಲ್ಲನ್ನು ಕಡತದಲ್ಲಿಟ್ಟುಕೊಂಡವರು ತಮ್ಮ ಲೆಕ್ಕಪರಿಶೋಧಕರೊಡನೆ ಆ ಬಗ್ಗೆ ಮಾತನಾಡುವುದು ಲಾಭಕರ.