ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಆಸ್ಪತ್ರೆ ಎಂದೇ ರೂಢಿ. ಆದರೆ ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ, ಮರೆವಿನ ಕಾಯಿಲೆಗಳಿಂದ ಹಾಸಿಗೆ ಹಿಡಿದ ಹಿರಿಯರನ್ನು ತಿಂಗಳುಗಟ್ಟಲೆ ಇರಿಸಿಕೊಂಡು ನೋಡಿಕೊಳ್ಳುವ ಕೇಂದ್ರಗಳೂ ಈಗ ನಗರಗಳಲ್ಲಿವೆ. ಹೆತ್ತವರನ್ನು ಮನೆಯಲ್ಲೇ ನೋಡಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಆದರೆ ಗಂಡುಮಕ್ಕಳು ಗಲ್ಫ್‌ನಲ್ಲಿದ್ದು, ಮನೆಯಲ್ಲಿ ಸೊಸೆಯೊಬ್ಬಳೇ ಹಗಲೂ ರಾತ್ರಿ ರೋಗಿಯನ್ನು ಎತ್ತಿ ಇಳಿಸಬೇಕಾದಾಗ ಇಬ್ಬರ ಆರೋಗ್ಯವೂ ಕೆಡುತ್ತದೆ. ಅಂತಹ ಸಂದರ್ಭದಲ್ಲಿ ಕೇಂದ್ರವನ್ನು ಆರಿಸುವುದು ಅನಿವಾರ್ಯವಾದರೆ, ಜಾಹೀರಾತು ನೋಡಿ ತೀರ್ಮಾನಿಸಬೇಡಿ.

ಕನಿಷ್ಠ ಎರಡು ಬಾರಿ ಹೋಗಿ ನೋಡಿ. ಒಮ್ಮೆ ಮೊದಲೇ ತಿಳಿಸಿ, ಇನ್ನೊಮ್ಮೆ ತಿಳಿಸದೆ, ಊಟದ ಹೊತ್ತಿಗೆ. ಬಾಗಿಲು ದಾಟುವಾಗಲೇ ಮೂತ್ರದ ವಾಸನೆ ಬಂದರೆ ಡೈಪರ್ ಹೊತ್ತಿಗೆ ಸರಿಯಾಗಿ ಬದಲಾಗುತ್ತಿಲ್ಲ ಎಂದರ್ಥ. ಅಲ್ಲಿರುವವರ ಉಗುರು, ಬಾಯಿ, ತಲೆಕೂದಲು, ಹಾಸಿಗೆಯ ಬಟ್ಟೆ ನೋಡಿ. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಸರಳು ಇದೆಯೇ, ನೆಲ ಜಾರುತ್ತದೆಯೇ ಎಂದು ಗಮನಿಸಿ. ಕುಡಿಯುವ ನೀರು ಕೈಗೆಟಕುವಲ್ಲಿದೆಯೇ? ಸಿಬ್ಬಂದಿ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವ ಮುನ್ನ ಕೈ ತೊಳೆಯುತ್ತಾರೆಯೇ?

ನಂತರ ಕೇಳಬೇಕಾದ ಪ್ರಶ್ನೆಗಳು. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ಜನ ಇರುತ್ತಾರೆ? ಅವರಲ್ಲಿ ತರಬೇತಿ ಪಡೆದ ನರ್ಸ್ ಎಷ್ಟು? ವೈದ್ಯರು ಯಾವಾಗ ಬರುತ್ತಾರೆ? ತುರ್ತು ಸಂದರ್ಭದಲ್ಲಿ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ? ವೈದ್ಯಕೀಯ ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳು ರಾಜ್ಯದ ಕೆ.ಪಿ.ಎಂ.ಇ. ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಚಿಕಿತ್ಸೆಯೂ ಇದೆ ಎನ್ನುವ ಕೇಂದ್ರವಾದರೆ ಆ ಪ್ರಮಾಣಪತ್ರವನ್ನು ಕೇಳಿ ನೋಡಿ. ತಿಂಗಳ ಶುಲ್ಕದಲ್ಲಿ ಡೈಪರ್, ಔಷಧ, ಫಿಸಿಯೋಥೆರಪಿ ಸೇರಿದೆಯೇ, ಮುಂಗಡ ಹಣ ಮರಳುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಮಲಗಿದಲ್ಲೇ ಇರುವವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳಲ್ಲಿ ಒತ್ತುಹುಣ್ಣು ಏಳುತ್ತದೆ. ಹುಣ್ಣು ಆಳವಾದರೆ ಸೋಂಕು ರಕ್ತಕ್ಕೆ ಹರಡಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಮಗ್ಗುಲು ಬದಲಿಸಿದ ದಾಖಲೆ ತೋರಿಸಲು ಹೇಳಿ. ಊಟ ಮಾಡಿಸುವಾಗ ರೋಗಿಯನ್ನು ಕೂರಿಸುತ್ತಾರೆಯೇ ನೋಡಿ. ಮಲಗಿಸಿಯೇ ತಿನ್ನಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮಧುಮೇಹ ಇರುವವರು ಇನ್ಸುಲಿನ್ ಪಡೆದು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಅದನ್ನು ಯಾರು ಗಮನಿಸುತ್ತಾರೆ ಎಂದು ಕೇಳಿ. ಹಗಲು ಹೊತ್ತಿನಲ್ಲೂ ಎಲ್ಲರೂ ಮಂಪರಿನಲ್ಲಿದ್ದರೆ, ಕೈಕಾಲು ಕಟ್ಟಿದ್ದು ಕಂಡರೆ ಅಲ್ಲಿಗೆ ಸೇರಿಸಬೇಡಿ.

ಉಮ್ಮನಿಗೆ ಸ್ನಾನ ಮಾಡಿಸಲು, ಬಟ್ಟೆ ಬದಲಿಸಲು ಮಹಿಳಾ ಸಿಬ್ಬಂದಿಯೇ ಇರುತ್ತಾರೆಯೇ? ಹಲಾಲ್ ಆಹಾರ, ವುಝೂಗೆ ನೀರು, ಕುಳಿತು ನಮಾಝ್ ಮಾಡಲು ಶುಚಿಯಾದ ಜಾಗ ಸಿಗುತ್ತದೆಯೇ? ಇವನ್ನು ಕೇಳಲು ಸಂಕೋಚ ಬೇಡ. ಎಲ್ಲಕ್ಕಿಂತ ಮೊದಲು ಹಿರಿಯರನ್ನೇ ಕೇಳಿ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ ತೋರಿಸಿ. ಸುಳ್ಳು ಹೇಳಿ ಬಿಟ್ಟುಬರುವುದು ಅವರ ಮನಸ್ಸನ್ನು ಮುರಿಯುತ್ತದೆ.

ಸೇರಿಸಿದ ಮೇಲೆ ಹಣ ಕಳುಹಿಸಿದರೆ ಮುಗಿಯಲಿಲ್ಲ. ಹೆತ್ತವರ ಪೋಷಣೆ ಮಕ್ಕಳ ಹೊಣೆ ಎಂದು 2007ರ ಹಿರಿಯ ನಾಗರಿಕರ ಕಾಯ್ದೆಯೂ ಹೇಳುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಭೇಟಿ ಕೊಡಿ. ಬೆನ್ನು, ಹಿಮ್ಮಡಿ ನೋಡಿ. ಒತ್ತಿದರೂ ಮಾಸದ ಕೆಂಪು ಕಲೆ ಒತ್ತುಹುಣ್ಣಿನ ಆರಂಭ. ಮೈಮೇಲೆ ಕಂದಿದ ಗುರುತು, ತೂಕ ಇಳಿಕೆ, ಹಠಾತ್ ಮೌನ ಕಂಡರೆ ಕಾರಣ ಕೇಳಿ. ಸಮರ್ಪಕ ಉತ್ತರ ಸಿಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ವಿದೇಶದಲ್ಲಿರುವವರು ಊರಿನ ನಂಬಿಕಸ್ಥ ಸಂಬಂಧಿಕರೊಬ್ಬರಿಗೆ ವಾರಕ್ಕೊಮ್ಮೆ ಹೋಗಿ ಬರುವ ಹೊಣೆ ವಹಿಸಲಿ. ಮನೆಯವರು ಆಗಾಗ ಬಂದು ನೋಡುವ ರೋಗಿಯ ಬಗ್ಗೆ ಸಿಬ್ಬಂದಿಯೂ ಹೆಚ್ಚು ಎಚ್ಚರ ವಹಿಸುತ್ತಾರೆ.