ಮುರಾನೊ ದ್ವೀಪದ ಗಾಜಿನ ಸಂಗ್ರಹಾಲಯವೂ ಲುಪ್ತವಿದ್ಯೆಗಳ ಪುನರುದ್ಧಾರವೂ

ಅಮರಸಿಂಹನು ತನ್ನ ಕೋಶದ ವೈಶ್ಯವರ್ಗದಲ್ಲಿ ಕಾಚವೆಂಬುದಕ್ಕೆ ಕ್ಷಾರವೆಂಬುದನ್ನು ಪರ್ಯಾಯಪದವಾಗಿ ಕೊಟ್ಟಿರುವನು. ಮೊದಲ ನೋಟಕ್ಕೆ ಇದು ಅಚ್ಚರಿಯನ್ನುಂಟುಮಾಡುತ್ತದೆ. ಕ್ಷಾರವು ಸವಳುಮಣ್ಣಿನಲ್ಲಿಯೂ ಸಸ್ಯಗಳ ಬೂದಿಯಲ್ಲಿಯೂ ದೊರೆಯುವ ತೀಕ್ಷ್ಣದ್ರವ್ಯ. ಕಾಚವಾದರೋ ಸ್ವಚ್ಛವೂ ಕಠಿನವೂ ಆದ ವಸ್ತು. ಆದರೆ ಗಾಜು ಹುಟ್ಟುವ ಬಗೆಯನ್ನು ಬಲ್ಲವರಿಗೆ ಈ ಪರ್ಯಾಯದಲ್ಲಿ ವಿರೋಧವೇನೂ ತೋರದು. ಮರಳು ತಾನೊಂದೇ ಕರಗಬೇಕಾದರೆ ಸುಮಾರು ೧೭೦೦ ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು. ಅಷ್ಟು ಕಾವನ್ನು ಹಿಂದಿನವರ ಕುಲುಮೆಗಳು ಕೊಡಲಾರದಾಗಿದ್ದುವು. ಕ್ಷಾರವು ಕೂಡಿದರೆ ಅದೇ ಮರಳು ಬಹಳ ಕಡಮೆ ಕಾವಿನಲ್ಲಿಯೇ ಕರಗಿ ಪಾಕವಾಗುವುದು. ಆದುದರಿಂದ ಕ್ಷಾರವನ್ನು ಕಾಚದ ಜನಕವೆಂದರೂ ಸಲ್ಲುವುದು. ಹೀಗೆ ಒಂದು ಕಸುಬಿನ ಮರ್ಮವು ಕೋಶದ ಒಂದು ಪದದಲ್ಲಿ ಅಡಗಿಕೊಂಡಿರುವುದು. ಪದವು ಉಳಿದಿದೆ, ಆ ಪಾಕವನ್ನು ಹದಗೊಳಿಸಿದ ಕೈಗಳ ನೈಪುಣ್ಯವು ಪದದಲ್ಲಿ ಉಳಿಯಲಾರದು.

ಕೈಕಸುಬಿನ ವಿದ್ಯೆಯು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ, ಅಳಿದುದು ಮರಳಿ ಬರಲು ಸಾಧ್ಯವೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರಸುವವರು ನೋಡತಕ್ಕ ಸ್ಥಳಗಳಲ್ಲಿ ಇಟಲಿದೇಶದ ಮುರಾನೊ ದ್ವೀಪದ ಗಾಜಿನ ಸಂಗ್ರಹಾಲಯವು ಮುಖ್ಯವಾದುದು. ಅಲ್ಲಿರುವ ಪಾತ್ರೆಗಳ ಸೌಂದರ್ಯವನ್ನು ವರ್ಣಿಸಿದವರು ಅನೇಕರು. ಆದರೆ ಆ ಸಂಗ್ರಹಾಲಯವು ಹುಟ್ಟಿದ ಕಾರಣವನ್ನು ತಿಳಿಯದೆ ಪಾತ್ರೆಗಳನ್ನು ಮಾತ್ರ ನೋಡಿದವನು ಅದರ ಅರ್ಧವನ್ನೇ ನೋಡಿದಂತಾಗುವುದು.

ಮುರಾನೊ ಎಂಬುದು ವೆನಿಸ್ ನಗರದ ಉತ್ತರಕ್ಕೆ ಸುಮಾರು ಒಂದೂವರೆ ಕಿಲೋಮೀಟರು ದೂರದಲ್ಲಿ, ಸಮುದ್ರದ ಹಿನ್ನೀರಿನ ನಡುವೆ ಇರುವ ಸಣ್ಣ ದ್ವೀಪಗಳ ಸಮೂಹ. ವೆನಿಸ್ಸಿನ ಗಾಜುಗಾರರ ಶ್ರೇಣಿಗೆ ೧೨೭೧ರಲ್ಲಿಯೇ ಲಿಖಿತವಾದ ಕಟ್ಟಳೆಗಳು ಏರ್ಪಟ್ಟಿದ್ದುವು. ೧೨೯೧ರಲ್ಲಿ ಆ ಗಣರಾಜ್ಯದ ಮಹಾಸಭೆಯು ನಗರದೊಳಗಿನ ಗಾಜಿನ ಕುಲುಮೆಗಳನ್ನು ತೆಗೆಯಿಸತಕ್ಕುದೆಂದು ವಿಧಿಸಿತು. ಮರದ ಮನೆಗಳು ತುಂಬಿದ್ದ ಊರಿಗೆ ಬೆಂಕಿಯ ಭಯವಿದ್ದುದು ಇದಕ್ಕೆ ಕಾರಣ. ಅಂದಿನಿಂದ ಗಾಜಿನ ಕೆಲಸವು ಮುರಾನೊವಿನಲ್ಲಿ ನೆಲೆಸಿತು. ಬೆಂಕಿಯ ಭಯದಿಂದಾದ ಈ ಏರ್ಪಾಡಿನಿಂದ ಮತ್ತೊಂದು ಪ್ರಯೋಜನವೂ ಒದಗಿತು: ಕುಲುಮೆಗಳೆಲ್ಲವೂ ಒಂದೇ ದ್ವೀಪದಲ್ಲಿದ್ದುದರಿಂದ ಅವುಗಳ ಗುಟ್ಟನ್ನು ಕಾಯುವುದು ಸುಲಭವಾಯಿತು. ಕುಶಲಿಗಳು ರಾಜ್ಯವನ್ನು ಬಿಟ್ಟು ಹೋಗಿ ಪರದೇಶಗಳಲ್ಲಿ ಕುಲುಮೆ ಹೂಡುವುದನ್ನು ವೆನಿಸ್ಸಿನ ಕಾನೂನು ನಿಷೇಧಿಸಿತ್ತು.

ಈ ಗುಟ್ಟಿನ ಸ್ವರೂಪವನ್ನರಿಯಲು ಗಾಜನ್ನು ಊದುವ ಕ್ರಮವನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ಊದುಕೊಳವಿಯ ಪ್ರಯೋಗವು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಸಿರಿಯಾ ಪಾಲಸ್ತೀನಗಳ ಪ್ರಾಂತದಲ್ಲಿ ಮೊದಲಾಯಿತು. ಕುಶಲಿಯು ಟೊಳ್ಳಾದ ಕಬ್ಬಿಣದ ಕೊಳವಿಯ ತುದಿಯನ್ನು ಮೂಸೆಯೊಳಗಿನ ಪಾಕದಲ್ಲಿ ಅದ್ದಿ ತಿರುಗಿಸಿ, ಜೇನನ್ನು ಕಡ್ಡಿಗೆ ಸುತ್ತಿಕೊಳ್ಳುವಂತೆ ಗಾಜನ್ನು ಸುತ್ತಿಕೊಳ್ಳುವನು. ಬಳಿಕ ಮತ್ತೊಂದು ತುದಿಯಿಂದ ಊದಲು ಆ ಉಂಡೆಯು ಉಬ್ಬುವುದು. ಅದನ್ನು ಎಡೆಬಿಡದೆ ತಿರುಗಿಸುತ್ತಿರಬೇಕು. ನಿಲ್ಲಿಸಿದರೆ ತನ್ನ ಭಾರದಿಂದ ತಾನೇ ಜೋಲುವುದು. ಆರುತ್ತ ಬಂದಾಗ ಕುಲುಮೆಯ ಬಾಯಿಗೆ ಹಿಡಿದು ಮತ್ತೆ ಕಾಯಿಸಬೇಕು. ಪಾತ್ರೆಯ ಬುಡವು ರೂಪುಗೊಂಡಮೇಲೆ ಅದಕ್ಕೆ ಮತ್ತೊಂದು ಕಬ್ಬಿಣದ ಸಲಾಕೆಯನ್ನು ಅಂಟಿಸಿ, ಊದುಕೊಳವಿಯಿಂದ ಬೇರ್ಪಡಿಸಿ, ಇಕ್ಕಳ ಕತ್ತರಿಗಳಿಂದ ಬಾಯನ್ನು ಅಗಲಿಸಿ ತಿದ್ದುವರು. ಕಡೆಗೆ ಸುಮಾರು ೫೦೦ ಡಿಗ್ರಿಗಳ ಗೂಡಿನಲ್ಲಿಟ್ಟು ಮೆಲ್ಲಮೆಲ್ಲನೆ ತಣಿಸಬೇಕು. ಅವಸರಪಟ್ಟರೆ ಒಳಗಿನ ಎಳೆತದಿಂದ ಪಾತ್ರೆಯು ತಾನಾಗಿ ಸೀಳುವುದು. ಈ ಕೆಲಸವು ಒಬ್ಬನಿಂದಾಗತಕ್ಕುದಲ್ಲ. ಪೀಠದ ಮೇಲೆ ಕುಳಿತ ಗುರು, ಅವನಿಗೆ ಗಾಜನ್ನು ತಂದೊದಗಿಸುವ ಸಹಾಯಕ, ಬಾಗಿಲನ್ನು ತೆರೆದು ಮುಚ್ಚುತ್ತ ಕಲಿಯುವ ಹುಡುಗ, ಹೀಗೆ ಒಂದು ಮೇಳವೇ ಬೇಕು. ಕೆಲಸದ ನಡುವೆ ಮಾತಿಗೆ ಅವಕಾಶವು ಕಡಮೆ; ಹುಡುಗನು ಕಲಿಯುವುದು ಕಣ್ಣಿನಿಂದ.

ಇದರಿಂದ ವಿದ್ಯೆಯಲ್ಲಿ ಎರಡು ಅಂಶಗಳಿರುವುದು ಸ್ಪಷ್ಟವಾಗುತ್ತದೆ. ಒಂದು, ದ್ರವ್ಯಯೋಗ, ಮತ್ತೊಂದು, ಹಸ್ತಕೌಶಲ. ಮೊದಲನೆಯದನ್ನು ಬರೆದಿಡಬಹುದು. ೧೫ನೆಯ ಶತಮಾನದ ನಡುವೆ ಅಂಜೆಲೊ ಬರೊವಿಯೆರ್ ಎಂಬಾತನು ಸ್ಫಟಿಕದಂತೆ ವರ್ಣರಹಿತವಾದ ಗಾಜನ್ನು ಸಾಧಿಸಿ ಖ್ಯಾತಿಯನ್ನು ಪಡೆದನು. ಸಸ್ಯಭಸ್ಮವನ್ನು ನೀರಿನಲ್ಲಿ ಕುದಿಸಿ, ಸೋಸಿ, ಇಂಗಿಸಿ ಶುದ್ಧವಾದ ಕ್ಷಾರವನ್ನು ತೆಗೆಯುವುದೂ, ತಿಚೀನೊ ನದಿಯ ಬಿಳಿಯ ಬೆಣಚುಕಲ್ಲನ್ನು ಪುಡಿಮಾಡಿ ಬಳಸುವುದೂ, ಉಳಿದ ಛಾಯೆಯನ್ನು ನೀಗಲು ಮ್ಯಾಂಗನೀಸನ್ನು ಸೇರಿಸುವುದೂ ಅದರ ಕ್ರಮ. ಇಂತಹ ಯೋಗಗಳನ್ನು ಮನೆತನದವರು ಗುಪ್ತವಾದ ಹೊತ್ತಗೆಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಜೊವಾನ್ನಿ ದಾರ್ದುಯಿನ್ ಎಂಬಾತನು ತನ್ನ ತಂದೆಯ ಯೋಗಗಳನ್ನು ೧೬೪೪ರಲ್ಲಿ ಪ್ರತಿಮಾಡಲು ತೊಡಗಿದ ಹಸ್ತಪ್ರತಿಯು ಉಳಿದುಬಂದಿದೆ. ಲುಯಿಜಿ ಝೆಕ್ಕಿನ್ ಎಂಬ ವಿದ್ವಾಂಸರು ಅದಕ್ಕೆ ಬರೆದ ವ್ಯಾಖ್ಯಾನದೊಡನೆ ೧೯೮೬ರಲ್ಲಿ ಅದು ಅಚ್ಚಾಯಿತು. ಎರಡನೆಯದಾದ ಹಸ್ತಕೌಶಲವನ್ನು ಯಾವ ಹೊತ್ತಗೆಯೂ ಹಿಡಿದಿಡಲಾರದು.

ಗುಟ್ಟು ಎಂಬುದು ಕಾಯುವಷ್ಟು ದಿನ ಸಂಪತ್ತು. ಕಾಯುವವನು ಸತ್ತರೆ ನಾಶ. ಮುರಾನೊವಿನ ಇತಿಹಾಸದಲ್ಲಿ ಇವೆರಡೂ ನಡೆದುವು. ಒಂದು ಕಡೆ ವಿದ್ಯೆಯು ಸೋರಿಹೋಯಿತು. ಆಂತೋನಿಯೊ ನೇರಿ ಎಂಬ ಫ್ಲಾರೆನ್ಸಿನ ಪಾದ್ರಿಯು ಗಾಜಿನ ಕಲೆಯನ್ನು ಕುರಿತು ಬರೆದ ಗ್ರಂಥವು ೧೬೧೨ರಲ್ಲಿ ಅಚ್ಚಾಗಿ, ೧೬೬೨ರಲ್ಲಿ ಇಂಗ್ಲಿಷಿಗೂ ಭಾಷಾಂತರವಾಯಿತು. ೧೬೬೫ರಲ್ಲಿ ಫ್ರಾನ್ಸಿನ ಮಂತ್ರಿಯಾದ ಕೊಲ್ಬೇರನು ಕನ್ನಡಿಯ ರಾಜಕೀಯ ಕಾರ್ಖಾನೆಯನ್ನು ಸ್ಥಾಪಿಸಿ, ಮುರಾನೊವಿನ ಕುಶಲಿಗಳನ್ನು ಆಶೆತೋರಿಸಿ ಪ್ಯಾರಿಸಿಗೆ ಕರೆಯಿಸಿಕೊಂಡನು. ಬೊಹೀಮಿಯದ ಕೊರೆದ ಗಾಜೂ, ೧೬೭೪ರಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟನು ಹಕ್ಕುಪತ್ರವನ್ನು ಪಡೆದ ಇಂಗ್ಲೆಂಡಿನ ಹೊಸ ಗಾಜೂ, ಅದರಿಂದ ಬೆಳೆದ ಸೀಸದ ಗಾಜೂ ಪೇಟೆಯನ್ನು ಆಕ್ರಮಿಸಿದುವು. ಮತ್ತೊಂದು ಕಡೆ, ಹೊರಗೆ ಹೋಗದೆ ಒಳಗೇ ಉಳಿದ ವಿದ್ಯೆಗಳು ಒಳಗೇ ಅಳಿದುವು. ಹಲವು ಬಣ್ಣಗಳ ಪದರುಗಳಿಂದ ಗೋಮೇದಕಜಾತಿಯ ಕಲ್ಲನ್ನು ಹೋಲುವ, ಕಾಲ್ಚೆದೋನಿಯೊ ಎಂಬ ಹೆಸರಿನ ಗಾಜನ್ನು ೧೫ನೆಯ ಶತಮಾನದಲ್ಲಿ ಮಾಡುತ್ತಿದ್ದರು; ಕಾಲಕ್ರಮದಲ್ಲಿ ಅದನ್ನು ಮಾಡಬಲ್ಲವರು ಇಲ್ಲವಾದರು. ತಾಮ್ರದ ಸೂಕ್ಷ್ಮ ಹರಳುಗಳು ಗಾಜಿನೊಳಗೆ ಹೊಂಬುಡಿಯಂತೆ ಮಿನುಗುವ ಅವೆಂತುರೀನಾ ಎಂಬ ೧೭ನೆಯ ಶತಮಾನದ ಗಾಜಿನ ಗುಟ್ಟೂ ಹಾಗೆಯೇ ಮರೆಯಾಯಿತು. ೧೭೯೭ರಲ್ಲಿ ನೆಪೋಲಿಯನನಿಂದ ವೆನಿಸ್ ಗಣರಾಜ್ಯವು ಮುರಿಯಿತು. ೧೮೦೬ರಲ್ಲಿ ಶ್ರೇಣಿಗಳು ರದ್ದಾದುವು. ಐದುನೂರು ವರ್ಷಗಳಿಂದ ಉರಿಯುತ್ತಿದ್ದ ಕುಲುಮೆಗಳಲ್ಲಿ ಬಹುಭಾಗವು ಆರಿತು.

ಈ ದೈನ್ಯದ ಕಾಲದಲ್ಲಿ ವಿಂಚೆಂಜೊ ಝಾನೆತ್ತಿ ಎಂಬ ಪಾದ್ರಿಯವರು, ದ್ವೀಪದ ಪೌರಾಧ್ಯಕ್ಷರಾದ ಆಂತೋನಿಯೊ ಕೊಲ್ಲೆಯೋನಿಯವರ ಸಹಾಯದಿಂದ, ೧೮೬೧ರಲ್ಲಿ ಸಂಗ್ರಹಾಲಯವನ್ನು ಸ್ಥಾಪಿಸಿದರು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಆರಂಭದಲ್ಲಿ ಅದು ಪಾತ್ರೆಗಳ ಪ್ರದರ್ಶನಕ್ಕಾಗಿ ಹುಟ್ಟಿದುದಲ್ಲ. ದ್ವೀಪದ ಚರಿತ್ರೆಗೆ ಸಂಬಂಧಿಸಿದ ದಾಖಲೆಗಳ ಭಂಡಾರವಾಗಿ ಹುಟ್ಟಿತು. ಬಳಿಕ ಹಳೆಯ ಪಾತ್ರೆಗಳೂ ಅಂದಿನ ಕುಲುಮೆಗಳವರು ಕೊಟ್ಟ ಹೊಸ ಪಾತ್ರೆಗಳೂ ಅಲ್ಲಿ ಸೇರಿದುವು. ಮರುವರ್ಷವೇ, ಎಂದರೆ ೧೮೬೨ರಲ್ಲಿ, ಗಾಜುಗಾರರಿಗಾಗಿ ಚಿತ್ರಲೇಖನದ ಪಾಠಶಾಲೆಯೊಂದು ಅದಕ್ಕೆ ಹೊಂದಿಕೊಂಡಿತು. ಸಂಗ್ರಹಾಲಯವು ಕಸುಬುದಾರರ ಮಾತೃಕಾಗ್ರಂಥವಾಗಬೇಕು, ಹಳೆಯ ಪಾತ್ರೆಯೊಂದೊಂದೂ ಅವರಿಗೆ ಪಾಠವಾಗಬೇಕು ಎಂಬುದೇ ಈ ಏರ್ಪಾಡಿನ ಮರ್ಮ.

ಫಲವು ಬೇಗನೆ ಕಂಡಿತು. ಲುಪ್ತವಿದ್ಯೆಗಳನ್ನು ಅರಸುವ ಪ್ರಯತ್ನವು ಅದಕ್ಕೆ ಮುಂಚೆಯೇ ಅಲ್ಲಲ್ಲಿ ನಡೆದಿದ್ದಿತು: ಪಿಯೆತ್ರೊ ಬಿಗಾಲ್ಯ ಎಂಬಾತನು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಅವೆಂತುರೀನಾ ಗಾಜನ್ನೂ, ಲೊರೆಂಜೊ ರಾದಿ ಎಂಬಾತನು ೧೮೫೬ರಲ್ಲಿ ಕಾಲ್ಚೆದೋನಿಯೊ ಗಾಜನ್ನೂ ಮತ್ತೆ ಸಾಧಿಸಿದ್ದರು. ಆದರೆ ಅವು ಒಬ್ಬೊಬ್ಬರ ಸಾಹಸಗಳು. ೧೮೬೧ರ ಬಳಿಕ ಇಂತಹ ಶೋಧನೆಗೆ ಒಂದು ನೆಲೆ ದೊರೆಯಿತು. ಆಂತೋನಿಯೊ ಸಾಲ್ವಿಯಾತಿ ಎಂಬಾತನು ೧೮೬೬ರಲ್ಲಿ ಇಂಗ್ಲಿಷರ ಮೂಲಧನದಿಂದ ಕಟ್ಟಿದ ಸಂಘದಲ್ಲಿ ನಿನೆವೆಯ ಉತ್ಖನನದಿಂದ ಪ್ರಸಿದ್ಧರಾದ ಲೇಯರ್ಡರು ಪಾಲುಗಾರರಾಗಿದ್ದರು. ೧೮೭೮ರ ಪ್ಯಾರಿಸ್ ಪ್ರದರ್ಶನದಲ್ಲಿ ವಿಂಚೆಂಜೊ ಮೊರೆತ್ತಿ ಎಂಬಾತನ ಪಾತ್ರೆಗಳು ಎಲ್ಲರನ್ನೂ ಬೆರಗುಗೊಳಿಸಿದುವು. ಬಣ್ಣಬಣ್ಣದ ಗಾಜಿನ ಕಡ್ಡಿಗಳನ್ನು ಕಂತೆಕಟ್ಟಿ, ಕಾಯಿಸಿ, ಎಳೆದು, ಅಡ್ಡಲಾಗಿ ಬಿಲ್ಲೆಗಳಾಗಿ ಕೊಯ್ದು, ಆ ಬಿಲ್ಲೆಗಳನ್ನು ಒತ್ತೊತ್ತಾಗಿ ಜೋಡಿಸಿ ಕರಗಿಸುವುದು ಪ್ರಾಚೀನ ರೋಮಕರ ವಿದ್ಯೆ. ಅದನ್ನು ಬಲ್ಲ ಗುರು ಯಾರೂ ಇರಲಿಲ್ಲ. ಪ್ರಕ್ರಿಯೆಯನ್ನು ವಿವರಿಸುವ ಗ್ರಂಥವೂ ಇರಲಿಲ್ಲ. ರೋಮಕರ ಕಾಲದ ಚೂರುಗಳನ್ನು ಪರೀಕ್ಷಿಸಿ, ಅವುಗಳ ಅಂಚಿನಲ್ಲಿ ಕಾಣುವ ರಚನೆಯಿಂದ ಕ್ರಮವನ್ನು ಊಹಿಸಿ, ಮತ್ತೆ ಮತ್ತೆ ಪ್ರಯೋಗಮಾಡಿ ಆತನು ಅದನ್ನು ಸಾಧಿಸಿದನು. ಲುಪ್ತವಾದ ಗ್ರಂಥವನ್ನು ಇತರ ಗ್ರಂಥಗಳಲ್ಲಿ ಉದ್ಧೃತವಾದ ತುಣುಕುಗಳಿಂದ ಪುನಾರಚಿಸುವ ಸಂಶೋಧಕರಿಗೆ ಈ ಮಾರ್ಗವು ಅಪರಿಚಿತವಲ್ಲ.

ಸಂಗ್ರಹಾಲಯವು ಈಗಿರುವುದು ಜುಸ್ತಿನಿಯಾನ್ ಅರಮನೆಯೆಂಬ ಕಟ್ಟಡದಲ್ಲಿ. ಅದು ಹಿಂದೆ ತೊರ್ಚೆಲ್ಲೊ ಪ್ರಾಂತದ ಬಿಷಪ್ಪರ ನಿವಾಸವಾಗಿದ್ದಿತು. ೧೯೨೩ರಲ್ಲಿ ಮುರಾನೊ ಊರು ವೆನಿಸ್ ನಗರಸಭೆಗೆ ಸೇರಿದಾಗ ಸಂಗ್ರಹಾಲಯವೂ ಅದರ ಆಡಳಿತಕ್ಕೆ ಬಂದಿತು. ೨೦೧೫ರಲ್ಲಿ ವಿಸ್ತಾರಗೊಂಡು ಮತ್ತೆ ತೆರೆಯಿತು. ದಾಲ್ಮೇಷಿಯದ ಸಮಾಧಿಗಳಲ್ಲಿ ದೊರೆತ ರೋಮಕರ ಕಾಲದ ಭಾಂಡಗಳಿಂದ ಮೊದಲಾಗಿ ಇಪ್ಪತ್ತನೆಯ ಶತಮಾನದ ಕೃತಿಗಳವರೆಗೆ ವಸ್ತುಗಳು ಕಾಲಾನುಕ್ರಮದಲ್ಲಿವೆ. ಬರೊವಿಯೆರ್ ಬಟ್ಟಲೆಂದು ಹೆಸರಾದ, ೧೫ನೆಯ ಶತಮಾನದ ನೀಲಿಯ ವಿವಾಹಪಾತ್ರೆಯು ಅಲ್ಲಿನ ಶಿರೋಮಣಿ; ಅದರ ಮೇಲೆ ವಧೂವರರ ಮುಖಗಳು ಬಣ್ಣದ ಮೆರುಗಿನಲ್ಲಿ ಚಿತ್ರಿತವಾಗಿವೆ. ಪ್ರೇಕ್ಷಕನು ಪಾತ್ರೆಯ ಅಂದವನ್ನು ಮಾತ್ರ ನೋಡದೆ ಅದರ ಅಡಿಯನ್ನೂ ನೋಡಬೇಕು. ಅಲ್ಲಿ ಸಣ್ಣದೊಂದು ಒರಟು ಕಲೆಯಿದ್ದರೆ ಅದು ದೋಷವಲ್ಲ. ಸಲಾಕೆಯನ್ನು ಅಂಟಿಸಿ ಮುರಿದ ಗುರುತು. ಗೋಡೆಯೊಳಗೆ ಹೊರಳಿಹೋಗುವ ಬಿಳಿಯ ಎಳೆಗಳು ಬಣ್ಣ ಬಳಿದುದರಿಂದ ಬಂದವಲ್ಲ. ಕಡ್ಡಿಗಳನ್ನು ತಿರುಚಿ ಪಾಕದಲ್ಲಿ ಸೇರಿಸಿದುದರಿಂದ ಬಂದವು. ೧೫೨೭ರಲ್ಲಿ ಸೆರೇನಾ ಸೋದರರು ಇದಕ್ಕಾಗಿಯೇ ಹಕ್ಕನ್ನು ಬೇಡಿದರು. ಹೀಗೆ ಓದಬಲ್ಲವನಿಗೆ ಪಾತ್ರೆಯೇ ತನ್ನ ಜನ್ಮವೃತ್ತಾಂತವನ್ನು ಹೇಳುವುದು. ಗಾಜನ್ನು ಮಣಿಯೆದುರು ಹೀನವೆಂದು ಎಣಿಸುವುದು ನಮ್ಮ ಕವಿಸಮಯ. ಇಲ್ಲಿಯ ಕೃತಿಗಳ ಬೆಲೆಯು ದ್ರವ್ಯದಲ್ಲಿಲ್ಲ, ಸಂಸ್ಕಾರದಲ್ಲಿದೆ.

ಹಾಗಾದರೆ ಸಂಗ್ರಹಾಲಯವಿದ್ದರೆ ವಿದ್ಯೆಯು ಉಳಿಯಿತೆಂದು ನಿಶ್ಚಿಂತರಾಗಬಹುದೆ? ಆಗದು. ೨೦೨೦ರಲ್ಲಿ ಯುನೆಸ್ಕೊ ಸಂಸ್ಥೆಯು ಇಟಲಿ ಫ್ರಾನ್ಸುಗಳ ಗಾಜಿನ ಮಣಿಗಳ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಬೆನ್ನಿಗೇ ೨೦೨೧–೨೨ರಲ್ಲಿ ಉರುವಲಿನ ಅನಿಲದ ಬೆಲೆಯು ವಿಪರೀತವಾಗಿ ಏರಿ, ಹಗಲಿರುಳೂ ಉರಿಯಬೇಕಾದ ಮುರಾನೊವಿನ ಹಲವು ಕುಲುಮೆಗಳನ್ನು ಆರಿಸಬೇಕಾಯಿತು. ಕುಲುಮೆಯು ಆರಿದರೆ ಮೇಳವು ಚೆದರುವುದು. ಮೇಳವು ಚೆದರಿದರೆ ನೋಡಿ ಕಲಿಯುವ ಹುಡುಗನಿಗೆ ನೋಡಲು ಏನೂ ಇರದು.

ಈ ವಿಷಯದಲ್ಲಿ ಕನ್ನಡನಾಡಿಗೂ ಒಂದು ಮಾತುಂಟು. ೧೮೦೦–೧೮೦೧ರಲ್ಲಿ ಮೈಸೂರುಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನರು, ಚಿತ್ರದುರ್ಗದ ಕಡೆಯ ಮತ್ತೋಡಿನಲ್ಲಿ ಗಾಜಿನ ಬಳೆಗಳನ್ನು ಮಾಡುತ್ತಿದ್ದ ಬಗೆಯನ್ನು ತಮ್ಮ ಪ್ರವಾಸಗ್ರಂಥದಲ್ಲಿ ಬರೆದಿರುವರು. ಅದು ೧೮೦೭ರಲ್ಲಿ ಅಚ್ಚಾಯಿತು. ಅಲ್ಲಿ ಬಳಸುತ್ತಿದ್ದ ಸವಳು ಅಮರಸಿಂಹನ ಕ್ಷಾರವೇ. ಮತ್ತೋಡಿಗೆ ಮುರಾನೊವಿನಂತಹ ಸಂಗ್ರಹಾಲಯವಿಲ್ಲ. ಕೋಶದ ಪದವು ದ್ರವ್ಯವನ್ನು ಸೂಚಿಸುವುದು. ಗ್ರಂಥವು ಯೋಗವನ್ನು ತಿಳಿಸುವುದು. ಸಂಗ್ರಹಾಲಯವು ಫಲವನ್ನು ತೋರಿಸುವುದು. ಕೈ ಮಾತ್ರ ಕೈಗೆ ಕಲಿಸುವುದು. ಕೈಯು ತಪ್ಪಿಹೋದಾಗ, ಉಳಿದ ಮೂರರಲ್ಲಿ ಎಷ್ಟು ಕೂಡಿಟ್ಟಿದ್ದರೆ ಅಷ್ಟರಮಟ್ಟಿಗೆ ಅದನ್ನು ಮರಳಿ ಪಡೆಯುವ ಆಸೆಯುಂಟು. ಆದುದರಿಂದ ಹಳೆಯ ಕಸುಬುಗಳ ಪರಿಭಾಷೆಯನ್ನೂ, ಉಪಕರಣಗಳನ್ನೂ, ಮುರಿದ ಚೂರುಗಳನ್ನೂ ಕಸುಬುದಾರರು ಬದುಕಿರುವಾಗಲೇ ಕೂಡಿಡುವುದು ಸಾಹಿತ್ಯಸಂಶೋಧಕರಿಗೂ ಸೇರಿದ ಕಾರ್ಯ.